ಮೊದಲ ವರ್ಷದ ಮೊಗ್ಗು

ಜನವರಿ ೯

ಸೊಸೆಗೆ,

ವಿಳಾಸ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಡ. ಗಿಡ ಮಾರುವವಳಿಗೆ ಊರೂರಲ್ಲೂ ಗಿರಾಕಿಗಳಿದ್ದಾರೆ. ಅವರಲ್ಲೊಬ್ಬರು ನಿಮ್ಮ ಅಂಗಡಿಯಲ್ಲಿ ಕನ್ನಡಕ ಮಾಡಿಸಿಕೊಂಡು ಬಂದವರು, "ನಿಮ್ಮ ಸೊಸೆ ಅಲ್ಲಿ ಒಳಗಡೆ ಗಾಜು ಉಜ್ಜುತ್ತಾ ಕೂತಿದ್ಲು, ಮುಖ ಎತ್ತಿ ಕೂಡ ನೋಡ್ಲಿಲ್ಲ" ಎಂದರು. "ಹಾಗಾದ್ರೆ ಅವಳೇ ಬಿಡಿ, ಅನುಮಾನ ಇಲ್ಲ" ಎಂದೆ. ಮಗುವನ್ನು ಎತ್ತಿಕೊಂಡು ಮನೆ ಬಿಟ್ಟವಳು ಎರಡು ವರ್ಷವಾಗುತ್ತಾ ಬಂದರೂ ಒಂದು ಸಾಲು ಬರೆದಿಲ್ಲ. ಹೋಗಲಿ, ದೊಡ್ಡವಳು ನಾನೇ ಬಗ್ಗಿದೆ ಅಂದುಕೋ.

ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣು ಹೋಗುತ್ತಿದೆ. ಕಣ್ಣೊಳಗೆ ಒತ್ತಡವಂತೆ. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಮೊನ್ನೆ ಸಸಿಗಳ ಸಾಲಿನಲ್ಲಿ ನಡೆಯುತ್ತಾ ಬಲಗಡೆಯಿದ್ದ ಕುಂಡಗಳನ್ನೆಲ್ಲ ಉರುಳಿಸಿಬಿಟ್ಟೆ. ನಿನ್ನ ಗಂಡ ಬಂದು ಒಂದು ಮಾತಾಡದೆ ಎತ್ತಿಟ್ಟು ಹೋದ. ಅವನು ಗೊತ್ತಲ್ಲ, ಬಾಯಲ್ಲಿ ನೀರು ತುಂಬಿಕೊಂಡೇ ಹುಟ್ಟಿದವನು. ಕಣ್ಣಿನ ಡಾಕ್ಟರು ಮಾತ್ರ ಬಾಯಿಬಿಟ್ಟು ಹೇಳಿದರು, "ನೋಡ್ಬೇಕಾದ್ದೆಲ್ಲ ಈಗಲೇ ನೋಡಿಬಿಡಿ." ನನಗೆ ನೋಡಬೇಕಾದ್ದು ಏನಿದೆ? ಗಿಡಗಳನ್ನು ಮೂಗಲ್ಲೇ ಗುರುತು ಹಿಡಿಯುತ್ತೇನೆ. ಮೊಮ್ಮಗಳ ಮುಖ ಒಂದು ಬಾಕಿ ಇದೆ. ಹೋಗುವಾಗ ಮೂರು ವರ್ಷದವಳು, ಈಗ ಹೇಗಿದ್ದಾಳೋ. ನನ್ನ ಜೀರುಂಡೆ. ಸದಾ ಗುಂಯ್‌ಗುಟ್ಟುತ್ತಿರುತ್ತಿದ್ದಳು, ಅದಕ್ಕೇ ಆ ಹೆಸರಿಟ್ಟಿದ್ದು.

ಅವಳಿಗೆಂದು ಒಂದು ಮರುಗದ ಸಸಿ ಕಳುಹಿಸಿದ್ದೇನೆ. ಇಲ್ಲಿದ್ದಾಗ ಜೇನಿನ ಹಿಂದೆ ಓಡುತ್ತಿದ್ದಳಲ್ಲ, ಅದರ ಹೂವಿಗೆ ಜೇನು ಮುತ್ತುತ್ತದೆ, ತೋರಿಸು. ಗಿರಾಕಿಗಳಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಬಿಸಿಲು ಚೆನ್ನಾಗಿ ಬೀಳಲಿ. ನೀರು ಕುಡಿಸಿ ಕುಡಿಸಿ ಕೊಲ್ಲಬೇಡ, ಮಣ್ಣು ಒಣಗಿದ ಮೇಲೆ ಹಾಕು. ಮೊದಲ ವರ್ಷದ ಮೊಗ್ಗು ಚಿವುಟಿ ಹಾಕು, ಗಿಡ ಗಟ್ಟಿಯಾಗುತ್ತದೆ. ಆಮೇಲೆ ವರ್ಷ ವರ್ಷವೂ ಅದೇ ನೋಡಿಕೊಳ್ಳುತ್ತದೆ.

ಮಗುವನ್ನು ಕರೆದುಕೊಂಡು ಬಾ.

ನಿನ್ನ ಅತ್ತೆ


ಫೆಬ್ರವರಿ ೨

ನರ್ಸರಿಯವರಿಗೆ, ನಮಸ್ಕಾರ.

ಸಸಿ ಬಂತು. ದಾರಿಯಲ್ಲಿ ಒಂದು ರೆಂಬೆ ಮುರಿದಿತ್ತು, ಉಳಿದದ್ದು ಚೆನ್ನಾಗಿದೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಿಸಿಲು ಬೀಳುವ ಕಡೆ ಕುಂಡದಲ್ಲಿ ನೆಟ್ಟಿದ್ದೇನೆ. ಇನ್ನು ಮೇಲೆ "ಸೊಸೆಗೆ" ಎಂದು ಶುರು ಮಾಡಿ "ಅತ್ತೆ" ಎಂದು ಮುಗಿಸಬೇಡಿ. ಆ ಸಂಬಂಧವನ್ನು ನಿಮ್ಮ ಗೇಟಿನ ಹತ್ತಿರವೇ ಇಟ್ಟು ಬಂದಿದ್ದೇನೆ.

ನಿಮ್ಮ ಕಣ್ಣಿನ ವಿಷಯ. ಗಾಜು ಉಜ್ಜುವವಳಿಗೆ ಡಾಕ್ಟರ ಚೀಟಿ ಓದಿ ಓದಿ ಇಷ್ಟು ಗೊತ್ತಾಗಿದೆ. ನೀವು ಬರೆದದ್ದು ನೋಡಿದರೆ ಗ್ಲಾಕೋಮಾ. ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಕನ್ನಡಕ ಅದಕ್ಕೆ ಕೆಲಸ ಮಾಡುವುದಿಲ್ಲ. ಹೋದಷ್ಟು ಹೋಯಿತು, ತಿರುಗಿ ಬರುವುದಿಲ್ಲ. ಇರುವಷ್ಟನ್ನು ಉಳಿಸಿಕೊಳ್ಳಲು ಕಣ್ಣಿಗೆ ಹಾಕುವ ಹನಿ ತಪ್ಪಿಸಬೇಡಿ. ಅಂಗಡಿಗೆ ಬರುವವರಿಗೆ ನಾವು ಇದನ್ನು ಕೂರಿಸಿ, ನೀರು ಕೊಟ್ಟು, ಮೆತ್ತಗೆ ಹೇಳುತ್ತೇವೆ. ನಿಮಗೆ ಹೀಗೇ ಹೇಳುತ್ತಿದ್ದೇನೆ.

ಮಗಳನ್ನು ಕರೆದುಕೊಂಡು ಬರುತ್ತೇನೆ. ಯಾವತ್ತು ಅಂದರೆ, ಈ ಗಿಡ ಹೂ ಬಿಟ್ಟು ಅದರ ಮೇಲೆ ಜೇನು ಕೂತ ದಿನ. ಮಾತು ಕೊಟ್ಟಿದ್ದೇನೆ, ತಪ್ಪುವುದಿಲ್ಲ. ಅಲ್ಲಿಯವರೆಗೆ ಗಿಡವನ್ನು ನೀವು ಬರೆದ ಹಾಗೆ, ಒಂದಕ್ಷರ ಬಿಡದೆ ನೋಡಿಕೊಳ್ಳುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಹುಡುಕಿದ ಮಾತು ಅದರಲ್ಲಿರಲಿಲ್ಲ.

ಇಂತಿ,
ಕನ್ನಡಕದ ಅಂಗಡಿಯವಳು


ಫೆಬ್ರವರಿ ೧೪

ಸೊಸೆಗೆ (ಹಾಗೇ ಬರೆಯುತ್ತೇನೆ, ಏನು ಮಾಡುತ್ತೀಯೋ ಮಾಡು),

ಅಂತೂ ನಿನ್ನ ಕೈಯಿಂದ ಒಂದು ಕಾಗದ ಬಂತಲ್ಲ! ಅಕ್ಷರ ಮಾತ್ರ ಮೊದಲಿನ ಹಾಗೇ ಇರುವೆ ಸಾಲು. ಓದುವಷ್ಟರಲ್ಲಿ ಇದ್ದ ಕಣ್ಣೂ ಹೋಗಬೇಕು. ಅದಕ್ಕೇ ಹಾಗೆ ಬರೆದೆಯೋ ಏನೋ.

ಹೂವಿನ ಷರತ್ತು ಹಾಕಿದ್ದೀಯ. ನರ್ಸರಿಯವಳಿಗೆ ಹೂವಿನ ಷರತ್ತು! ಮೀನಿಗೆ ಈಜುವ ಪರೀಕ್ಷೆ ಇಟ್ಟ ಹಾಗಾಯಿತು. ನಾನು ಕೊಟ್ಟ ಸಸಿ ಹೂ ಬಿಡದೆ ಇದ್ದದ್ದು ಯಾವತ್ತು? ಬೇಸಿಗೆ ನಡುವಿಗೆ ಮೊಗ್ಗು ಕಟ್ಟುತ್ತದೆ, ಬರೆದಿಟ್ಟುಕೋ. ಮರುಗ ಹೂ ಬಿಡುತ್ತದೆ ಅನ್ನುವುದೇ ಅರ್ಧ ಜನಕ್ಕೆ ಗೊತ್ತಿಲ್ಲ. ಎಲೆಯ ಪರಿಮಳದ ಆಸೆಗೆ ಎಲ್ಲರೂ ಮೊದಲೇ ಚಿವುಟಿಬಿಡುತ್ತಾರೆ. ಚಿವುಟದೆ ಬಿಟ್ಟರೆ ರೆಂಬೆಯ ತುದಿಯಲ್ಲಿ ಹಸಿರು ಗಂಟು ಗಂಟಾಗಿ ಕಟ್ಟಿ, ಗಂಟಿನ ಸಂದಿಯಿಂದ ಸಾಸಿವೆಯಷ್ಟು ಬಿಳಿ ಹೂ ಇಣುಕುತ್ತದೆ. ನೋಡಿದರೆ ಏನೂ ಇಲ್ಲ. ಆದರೆ ಜೇನಿಗೆ ಹೇಗೋ ಗೊತ್ತಾಗಿ ಮುಂಜಾನೆಯೇ ಬಂದು ಮುತ್ತಿಕೊಳ್ಳುತ್ತದೆ, ಗಿಡವೇ ಗುನುಗುತ್ತಿದೆ ಅನ್ನಿಸಬೇಕು. ಜೀರುಂಡೆಯನ್ನು ಪಕ್ಕ ಕೂರಿಸು. ಕೈ ಹಾಕದಿದ್ದರೆ ಅವು ಏನೂ ಮಾಡುವುದಿಲ್ಲ.

ಅವಳು ಬಂದಾಗ ನೆಟ್ಟಗೆ ನೋಡಬೇಕೆಂದು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಕುಂಡಕ್ಕೆ ಮಣ್ಣು ತುಂಬುವವಳನ್ನು ಎದುರಿಗೆ ಕೂರಿಸಿಕೊಂಡು ನೋಡುತ್ತೇನೆ. ಮೂಗು ಕಂಡರೆ ಕಿವಿ ಕಾಣುವುದಿಲ್ಲ. ಮುಖವನ್ನು ಸ್ವಲ್ಪ ಸ್ವಲ್ಪವೇ ಓದಿ ಸೇರಿಸಿಕೊಳ್ಳಬೇಕು. "ಅಮ್ಮಾ, ನನ್ನ ಮುಖದಲ್ಲಿ ಏನಿದೆ ಅಂತ ಹೀಗೆ ನೋಡ್ತೀರಿ?" ಅಂತಾಳೆ. "ಏನೂ ಇಲ್ಲ, ಅದಕ್ಕೇ ಅಭ್ಯಾಸಕ್ಕೆ ಸುಲಭ" ಅಂದೆ. ಮುನಿಸಿಕೊಂಡು ಹೋಗಿದ್ದಾಳೆ.

ಏನೋ ಒಂದು ಮಾತು ಇರಲಿಲ್ಲ ಅಂದೆ. ಯಾವ ಮಾತು? ನನ್ನ ಬಾಯಲ್ಲಿ ಇಲ್ಲದ ಮಾತೇ ಇಲ್ಲ ಅಂತ ಊರೆಲ್ಲ ಆಡಿಕೊಳ್ಳುತ್ತದೆ.

ನಿನ್ನ ಅತ್ತೆ


ಏಪ್ರಿಲ್ ೨೦

ನರ್ಸರಿಯವರಿಗೆ, ನಮಸ್ಕಾರ.

ಗಿಡ ಚೆನ್ನಾಗಿ ಬಂದಿದೆ. ಅಂಗಡಿಯ ಹಿಂದಿನ ಬೀದಿಯಲ್ಲೇ ಮಗಳ ಶಾಲೆ. ಬಿಟ್ಟ ಮೇಲೆ ಬಂದು ತಾನೇ ನೀರು ಹಾಕುತ್ತಾಳೆ. ಎಲೆ ಸವರಿ ಕೈ ಮೂಸಿಕೊಳ್ಳುತ್ತಾ ಓಡಾಡುತ್ತಾಳೆ.

ಕಳೆದ ವಾರ ಮೊಗ್ಗು ಕಟ್ಟಿತು. ನೀವು ಹೇಳಿದ ಹಾಗೆ ಗಂಟು ಗಂಟಾಗಿ, ಎಲ್ಲ ರೆಂಬೆಯ ತುದಿಯಲ್ಲೂ.

ನೀವು ಹೇಳಿದ ಹಾಗೇ ಚಿವುಟಿ ಹಾಕಿದೆ.

ಇಂತಿ,
ಕನ್ನಡಕದ ಅಂಗಡಿಯವಳು


ಏಪ್ರಿಲ್ ೨೭

ಅಯ್ಯೋ ನಿನ್ನ!

ಅದು ಗಿರಾಕಿಗಳಿಗೆ ಹೇಳುವ ಮಾತು ಕಣೇ! ಮೂವತ್ತು ವರ್ಷದಿಂದ ಬಂದವರಿಗೆಲ್ಲ ಹೇಳಿ ಹೇಳಿ ನಾಲಿಗೆಗೆ ಅಂಟಿದೆ, ಬರೆಯುವಾಗಲೂ ಕೈಗೆ ಬಂತು. ಹೂ ಬಿಟ್ಟರೆ ಮಗುವಿಗೆ ತೋರಿಸು ಅಂತಲೂ ಅದೇ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಕಾಣಲಿಲ್ಲವೇ? ನನ್ನ ಕಣ್ಣು ಹೋಗಿದೆ ಸರಿ, ನಿನ್ನದಕ್ಕೆ ಏನಾಗಿದೆ? ಎಂಟು ವರ್ಷ ನರ್ಸರಿಯಲ್ಲಿ ಮಣ್ಣು ಕಲಸಿದವಳು, ಯಾವುದು ಯಾವಾಗ ಅಂತ ಗೊತ್ತಿಲ್ಲದವಳೇ ನೀನು?

ಆಗಿದ್ದು ಆಯಿತು. ಚಿವುಟಿದ ಕಡೆ ಎರಡೆರಡು ಕವಲು ಬರುತ್ತದೆ, ಇನ್ನೊಂದು ತಿಂಗಳಲ್ಲಿ ಮತ್ತೆ ಮೊಗ್ಗು ಕಟ್ಟುತ್ತದೆ. ಈ ಸಲ ಮುಟ್ಟಬೇಡ. ಕೈ ಕಟ್ಟಿಕೊಂಡು ನಿಲ್ಲು. ಎಡಗಣ್ಣು ಈಗ ಪೂರ್ತಿ ಮಬ್ಬು.

ಅತ್ತೆ


ಮೇ ೧೦

ನರ್ಸರಿಯವರಿಗೆ,

ಯಾವುದು ಯಾವಾಗ ಅಂತ ನನಗೆ ಚೆನ್ನಾಗಿ ಗೊತ್ತು. ಆ ಸಾಲನ್ನು ನೀವು ಬರೆದದ್ದು ಅಭ್ಯಾಸ ಬಲದಿಂದ, ಅದೂ ಗೊತ್ತು. ನನಗೆ ಅದನ್ನು ಬರೆಯುತ್ತಿದ್ದೇನೆ ಅನ್ನುವುದು ಕೂಡ ನಿಮಗೆ ಹೊಳೆಯಲಿಲ್ಲವಲ್ಲ. ಅದನ್ನು ಓದಿದ ದಿನ ಅಂಗಡಿಯಲ್ಲಿ ಒಂದು ಮಸೂರ ಹಾಳು ಮಾಡಿದೆ.

ನಿಮಗೆ ಮರೆತಿದ್ದರೆ ನಾನೇ ಹೇಳುತ್ತೇನೆ. ಮದುವೆಯಾದ ಮೊದಲ ವರ್ಷ. ಸಸಿ ಮಾರಾಟದ ಕಾಲ. ನಾನು ಬಸುರಿ ಎಂದು ಹೇಳಲು ಬಂದಾಗ ನೀವು ಕಸಿ ಕಟ್ಟುತ್ತಿದ್ದಿರಿ, ಕೈ ನಿಲ್ಲಿಸಲಿಲ್ಲ. "ಈಗಲೇ ಯಾಕೆ? ಮೊದಲ ವರ್ಷದ ಮೊಗ್ಗು ಚಿವುಟಿ ಹಾಕ್ಬೇಕು ಕಣೇ, ಗಿಡ ಗಟ್ಟಿಯಾಗುತ್ತೆ" ಎಂದಿರಿ. ತಮಾಷೆ ಅಂದುಕೊಂಡು ನಕ್ಕೆ. ನಾಲ್ಕನೇ ದಿನ ಟೆಂಪೋದಲ್ಲಿ ಕೂರಿಸಿಕೊಂಡು ಹೊರಟಿರಿ. ನಿಮ್ಮ ಮಗ ಟೆಂಪೋದ ಬಾಗಿಲು ಹಾಕಿ ಒಳಗೆ ಹೋದರು. ಆಸ್ಪತ್ರೆಯ ದಾರಿಯಲ್ಲೇ ಎರಡು ಮನೆಗೆ ಗಿಡ ಇಳಿಸಿದಿರಿ, ಹೇಗೂ ಆ ಕಡೆ ಹೋಗುತ್ತಿದ್ದೇವಲ್ಲ ಎಂದು. ವಾಪಸ್ಸು ಬರುವಾಗ ಹಿಂದೆ ಜಾಗ ಸಾಲದೆ ಒಂದು ಕುಂಡವನ್ನು ನನ್ನ ಮಡಿಲಲ್ಲಿ ಇಟ್ಟಿರಿ. "ಗಟ್ಟಿ ಹಿಡ್ಕೋ" ಎಂದಿರಿ. ಮನೆಯವರೆಗೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಮೇಲೆ ಮಗಳು ಹುಟ್ಟಿದಾಗ "ನೋಡಿದ್ಯಾ, ಗಟ್ಟಿಯಾಯ್ತು" ಎಂದಿರಿ. ಅದನ್ನೂ ನುಂಗಿದೆ. ಕೊನೆಗೆ ಗುಲಾಬಿ ಕೊಳ್ಳಲು ಬಂದ ಒಬ್ಬ ಹೊಸ ಬಸುರಿಗೆ ನಗುತ್ತಾ ಅದೇ ಮಾತು ಹೇಳಿ, ನನ್ನ ಕಡೆ ಬೆರಳು ತೋರಿಸಿ, "ಇವಳದ್ದೂ ಹಾಗೇ ಮಾಡ್ಸಿದ್ದು" ಎಂದಿರಿ. ಆ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅವತ್ತೇ ಸಂಜೆ ನಾನು ಹೊರಟೆ.

ಗಿಡದ ಹೆಸರು ಮರುಗ. ಕೊಟ್ಟವರಿಗೆ ಮರುಗುವುದು ಗೊತ್ತಿಲ್ಲ.

ಒಂದೇ ಒಂದು ಪದ ಬರೆದು ಕಳುಹಿಸಿ: "ಚಿವುಟಬಾರದಿತ್ತು." ಹಿಂದೆ ಮುಂದೆ ಏನೂ ಬೇಡ. ಅದು ಬಂದ ದಿನದಿಂದ ಮೊಗ್ಗು ಮುಟ್ಟುವುದಿಲ್ಲ. ಬರದಿದ್ದರೆ ಕಟ್ಟಿದ ಹಾಗೆಲ್ಲ ಚಿವುಟುತ್ತೇನೆ. ನಿಮ್ಮ ಕಣ್ಣಿಗೆ ಇನ್ನೆಷ್ಟು ಕಾಲ ಅಂತ ನನಗೆ ಅಂದಾಜಿದೆ. ಗಿಡಕ್ಕೆ ಎಷ್ಟು ಅಂತ ನಿಮಗೆ ಅಂದಾಜಿದೆ.

ಇಂತಿ,
ನಿಮ್ಮ ಗಟ್ಟಿಯಾದ ಗಿಡ


ಜೂನ್ ೧

ಸೊಸೆಗೆ,

ಬರೆಯುವುದಿಲ್ಲ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಕೇಳಿದ್ದೆ, ನಿನ್ನ ಕಾಲ ಬಂದಿದೆ, ಮೆರೆದುಕೋ. ಆದರೆ ಆ ಮಾತು ನನ್ನದು ಅಂದುಕೊಂಡೆಯಾ? ನನ್ನ ಅತ್ತೆಯದು. ಈ ನರ್ಸರಿ ಅವರದು, ಆ ಮಾತೂ ಅವರದು. ನಿನಗೆ ಟೆಂಪೋ ಇತ್ತು. ನಾನು ನಡೆದು ಹೋಗಿ ನಡೆದು ಬಂದೆ, ಸಂಜೆಗೆ ಸಸಿಗಳಿಗೆ ನೀರೂ ಹಾಕಿದೆ. ಯಾರ ಹತ್ತಿರವೂ ಒಂದು ಪದ ಬರೆಸಿಕೊಳ್ಳಲಿಲ್ಲ. ಬರೆಸಿಕೊಳ್ಳಬಹುದು ಅಂತ ತಲೆಗೇ ಬರಲಿಲ್ಲ. ಈಗ ನಿನಗೆ ನಾನು ಬರೆದುಕೊಟ್ಟರೆ ನನಗೆ ಬರೆದುಕೊಡುವವರು ಯಾರು? ಅವರು ಸತ್ತು ಗೊಬ್ಬರವಾಗಿ ಎಷ್ಟೋ ವರ್ಷವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದನ್ನು ಹಿಡಿದುಕೊಂಡು ಕೂರಬೇಡ.

ನನ್ನ ಮೊಮ್ಮಗಳನ್ನು ನೋಡಲು ಒಂದು ಗಿಡದ ಅಪ್ಪಣೆ ನನಗೆ ಬೇಕಾಗಿಲ್ಲ. ಕಾಲು ಇನ್ನೂ ಗಟ್ಟಿಯಿದೆ. ಬಸ್ಸಿದೆ.

ಅತ್ತೆ


ಆಗಸ್ಟ್ ೧೯

ನರ್ಸರಿಯವರಿಗೆ,

ನೀವು ಬಂದದ್ದು ನನಗೆ ಗೊತ್ತು. ಅಂಗಡಿಯ ಹಿಂಬಾಗಿಲಿಗೆ ಬಂದರೆ ಶಾಲೆಯ ಗೇಟು ಕಾಣುತ್ತದೆ. ಗಾಜು ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕರೆಯಬಹುದಿತ್ತು. ಕರೆಯಲಿಲ್ಲ.

ಬಿಸಿಲಲ್ಲಿ ಬಹಳ ಹೊತ್ತು ನಿಂತಿರಿ. ಶಾಲೆ ಬಿಟ್ಟಾಗ ಮಕ್ಕಳೆಲ್ಲ ನುಗ್ಗಿದರು. ನೀವು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ, ಕೊನೆಗೆ ಕೆಂಪು ಚೀಲದ ಒಂದು ಹುಡುಗಿಯ ಕೈ ಹಿಡಿದಿರಿ. "ಜೀರುಂಡೆ, ಜೀರುಂಡೆ, ನಾನು ಕಣೇ, ಅಜ್ಜಿ" ಎಂದು ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿರಿ. ಅದು ಹೆದರಿ ಕಿರುಚಿತು. ಅವಳ ತಾಯಿ ಬಂದು ನಿಮ್ಮ ಕೈ ಕಿತ್ತು ಹಾಕಿದಳು. ಕಾವಲುಗಾರ ನಿಮ್ಮ ತೋಳು ಹಿಡಿದು ರಸ್ತೆಯ ಆಚೆ ಬಿಟ್ಟು ಬಂದ. "ಮಕ್ಕಳು ಹಿಡ್ಯೋಳೇನಮ್ಮ ನೀನು?" ಅಂದದ್ದು ಇಲ್ಲಿಯವರೆಗೂ ಕೇಳಿಸಿತು.

ನನ್ನ ಮಗಳು ನಿಮ್ಮ ಎಡಗಡೆ ನಿಂತಿದ್ದಳು. ಕೈ ಚಾಚಿದ್ದರೆ ಅವಳ ಜಡೆ ಸಿಗುತ್ತಿತ್ತು. ಬಾಯಿ ತೆರೆದುಕೊಂಡು ಕೊನೆಯವರೆಗೂ ನಿಮ್ಮನ್ನೇ ನೋಡುತ್ತಿದ್ದಳು. ಅಂಚಿನಿಂದ ಶುರುವಾಗುತ್ತದೆ ಅಂತ ಮೊದಲೇ ಬರೆದಿದ್ದೆ.

ಮನೆಗೆ ಬಂದು ಕೇಳಿದಳು, "ಅಮ್ಮಾ, ಆ ಅಜ್ಜಿ ಯಾರು? ಜೀರುಂಡೆ ಹುಡುಕ್ತಿದ್ರು."

"ಗೊತ್ತಿಲ್ಲ" ಎಂದೆ.

"ಪಾಪ. ಅವರ ಜೀರುಂಡೆ ಕಳೆದುಹೋಯ್ತಾ?"

"ಹೂಂ" ಎಂದೆ.

ಆ ಹೆಸರು ಅವಳಿಗೆ ನೆನಪಿಲ್ಲ. ನಾನೂ ನೆನಪು ಮಾಡಲಿಲ್ಲ. ಇನ್ನು ಹಾಗೆ ಬರಬೇಡಿ. ಗಿಡ ಚೆನ್ನಾಗಿದೆ. ನಿನ್ನೆಯೂ ಚಿವುಟಿದೆ.

ಇಂತಿ,
ಕನ್ನಡಕದ ಅಂಗಡಿಯವಳು


ಸೆಪ್ಟೆಂಬರ್ ೪

ಸೊಸೆಗೆ,

ಇದನ್ನು ಬರೆಯುತ್ತಿರುವವನು ನಿನ್ನ ಗಂಡ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ. ನನ್ನ ಸಾಲುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿವೆಯಂತೆ. ಇವನಿಗೆ ಒತ್ತಕ್ಷರ ನೆಟ್ಟಗೆ ಬರುವುದಿಲ್ಲ, ತಪ್ಪಿದ್ದರೆ ನನ್ನ ಮೇಲೆ ಹಾಕಬೇಡ.

ಎಡಗಡೆಯೇ? ಎಷ್ಟು ಹತ್ತಿರ? ಜಡೆ ಅಂದೆ, ಎರಡೋ ಒಂದೋ? ಕೂದಲು ನಿನ್ನ ಹಾಗೆ ಗುಂಗುರೋ, ಇವನ ಹಾಗೆ ನೆಟ್ಟಗಿದೆಯೋ? ಬರೆದು ತಿಳಿಸು. ನಿನ್ನ ಕಾಗದ ಬಂದಾಗಿನಿಂದ ಸುಮ್ಮಸುಮ್ಮನೆ ಎಡಗಡೆಗೆ ತಿರುಗಿ ನೋಡುತ್ತೇನೆ. ಇಲ್ಲಿ ಯಾರಿರುತ್ತಾರೆ? ಕುಂಡಗಳು.

ಬಲಗಣ್ಣಿನ ನಡುವೆ ಒಂದು ಅಂಗಿ ಗುಂಡಿಯಷ್ಟಗಲ ಬೆಳಕು ಉಳಿದಿದೆ. ಅದರಲ್ಲಿ ಒಂದು ಮಗುವಿನ ಮುಖ ಹಿಡಿಸುತ್ತದೆ, ಹತ್ತಿರ ಕೂತರೆ. ನಾನು ಯಾರನ್ನೂ ಬೇಡಿದವಳಲ್ಲ, ನಿನಗೆ ಗೊತ್ತು. ಬೇಡುತ್ತಿದ್ದೇನೆ. ಆ ಒಂದು ಪದ ಬಿಟ್ಟು ಬೇರೆ ಏನು ಬೇಕಾದರೂ ಕೇಳು.

ಅತ್ತೆ

ಅವಳು ಚೆನ್ನಾಗಿದ್ದಾಳಾ? ಇದು ನಾನು ಕೇಳುತ್ತಿರುವುದು. ಅಮ್ಮನಿಗೆ ಗೊತ್ತಿಲ್ಲ.


ನವೆಂಬರ್ ೬

ನರ್ಸರಿಯವರಿಗೆ,

ಈ ಪತ್ರವನ್ನು ಓದುವವರಿಗೆ ಮೊದಲು: ಚೆನ್ನಾಗಿದ್ದಾಳೆ. ಕೂದಲು ನಿಮ್ಮದೇ.

ಸೆಪ್ಟೆಂಬರಿನ ಆ ಕಾಗದ ಬಂದ ಮೇಲೆ ನಾನು ಮೊಗ್ಗು ಚಿವುಟುವುದನ್ನು ನಿಲ್ಲಿಸಿದೆ. ನೀವು ಆ ಪದ ಬರೆಯಲಿಲ್ಲ. ಬರೆಯುವವರಲ್ಲ ಎಂದು ಗೊತ್ತಾಯಿತು. ಆದರೆ ಹಿಂಬಾಗಿಲಲ್ಲಿ ನಿಂತು ನೋಡಿದ್ದನ್ನು ಮರೆಯಲಾಗಲಿಲ್ಲ. ತಿಳಿಸದೆ ಸುಮ್ಮನೆ ಬಂದು ನಿಮ್ಮ ಎದುರಿಗೆ, ನಟ್ಟನಡುವೆ, ಅವಳನ್ನು ಕೂರಿಸೋಣ ಅಂದುಕೊಂಡೆ. ಅಂಗಡಿಯಲ್ಲಿ ರಜೆ ಕೇಳಿದೆ. ಬಟ್ಟೆ ಮಡಚಿಟ್ಟೆ. ಮೊಗ್ಗು ದಪ್ಪವಾಗಿ ಒಂದೆರಡು ಕಡೆ ಬಿಳಿ ಇಣುಕಿತು. "ಇನ್ನೇನು ಜೇನು ಬರುತ್ತೆ. ಬಂದ ತಕ್ಷಣ ನಾವು ಬಸ್ಸಲ್ಲಿ ಹೋಗ್ತೀವಿ" ಎಂದು ಮಗಳಿಗೆ ಹೇಳಿದೆ.

"ಎಲ್ಲಿಗೆ?"

"ಜೀರುಂಡೆ ಹುಡುಕ್ತಿದ್ರಲ್ಲ, ಆ ಅಜ್ಜಿ ಮನೆಗೆ."

ಕುಣಿದಾಡಿದಳು. ಒಂದು ಬೆಂಕಿಪೊಟ್ಟಣ ಖಾಲಿ ಮಾಡಿ ಇಟ್ಟುಕೊಂಡಳು, ದಾರಿಯಲ್ಲಿ ಜೀರುಂಡೆ ಸಿಕ್ಕರೆ ನಿಮಗೆ ತಂದುಕೊಡಲು.

ಭಾನುವಾರ ನಾನು ಅಂಗಡಿಯಿಂದ ಬಂದಾಗ ಬಾಗಿಲಲ್ಲೇ ಕಾದಿದ್ದಳು, ಮುಷ್ಟಿ ಮುಚ್ಚಿಕೊಂಡು. "ಅಮ್ಮಾ, ನೀನು ಮರೆತೇಬಿಟ್ಟಿದ್ದೆ. ನಾನೇ ಮಾಡ್ದೆ" ಎಂದು ಕೈ ಬಿಚ್ಚಿದಳು. ಎಲ್ಲ ಮೊಗ್ಗು. ಬಾಲ್ಕನಿಗೆ ಹೋಗಿ ನೋಡಿದೆ, ಒಂದು ತುದಿಯನ್ನೂ ಬಿಟ್ಟಿರಲಿಲ್ಲ. ಮನೆಯೆಲ್ಲ ಮರುಗದ ಪರಿಮಳ.

"ಯಾಕೆ ಮಾಡಿದೆ?" ಎಂದೆ.

"ಮೊದಲ ವರ್ಷದ ಮೊಗ್ಗು ಚಿವುಟಿ ಹಾಕ್ಬೇಕು ಕಣೇ, ಗಿಡ ಗಟ್ಟಿಯಾಗುತ್ತೆ."

ಆ "ಕಣೇ" ಕೂಡ. ಹೇಳುವಾಗ ನೀವು ತುಟಿಯನ್ನು ಒಂದು ಕಡೆ ಎಳೆಯುತ್ತೀರಲ್ಲ, ಹಾಗೇ ಎಳೆದಳು. ನೀವು ಆ ಮಾತು ಹೇಳಿದ್ದನ್ನು ಅವಳು ನೆನಪಿಟ್ಟುಕೊಂಡಿರಲು ಸಾಧ್ಯವೇ ಇಲ್ಲ. ಅಂದರೆ ನಾನು ಪ್ರತಿ ಸಲ ಚಿವುಟುವಾಗ ಬಾಯಲ್ಲಿ ಅದನ್ನೇ ಹೇಳುತ್ತಿದ್ದೆ. ಹಾಗೇ ತುಟಿ ಎಳೆದು ಹೇಳುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ಅವಳು ಪಕ್ಕ ನಿಂತು ಕಲಿತಳು.

ಹೊಡೆದೆ. ಅವತ್ತಿನವರೆಗೂ ಅವಳ ಮೇಲೆ ಕೈ ಎತ್ತಿರಲಿಲ್ಲ. ನಿಲ್ಲಿಸಲು ಆಗಲಿಲ್ಲ. ಪಕ್ಕದ ಮನೆಯವರು ಬಾಗಿಲು ಬಡಿದ ಮೇಲೆ ನಿಲ್ಲಿಸಿದೆ. ಯಾಕೆ ಹೊಡೆದೆ ಅಂತ ಅವಳಿಗೆ ಇನ್ನೂ ತಿಳಿದಿಲ್ಲ. ನನ್ನನ್ನು ಕಂಡರೆ ಗೋಡೆಗೆ ಸರಿದುಕೊಳ್ಳುತ್ತಾಳೆ.

ಗಿಡ ಕಿತ್ತು ಕಸಕ್ಕೆ ಹಾಕಿದೆ. ನಾವು ಬರುವುದಿಲ್ಲ. ನಿಮ್ಮ ಮೇಲಿನ ಸೇಡಿಗಲ್ಲ. ಅವಳನ್ನು ನಿಮಗೆ ತೋರಿಸಲು ನನಗೆ ಹೆದರಿಕೆ.

ಇಂತಿ,
(ಏನೆಂದು ಸಹಿ ಮಾಡಲಿ, ತಿಳಿಯುತ್ತಿಲ್ಲ)


ನವೆಂಬರ್ ೧೫

ಸೊಸೆಗೆ,

ನಿನ್ನ ಕಾಗದವನ್ನು ನಿನ್ನ ಗಂಡ ಓದಿದ. ತುಟಿಯ ವಿಷಯ ಬಂದ ಕಡೆ ಇನ್ನೊಂದು ಸಲ ಓದು ಅಂದೆ. ಓದಲಾರೆ ಅಂದ. ಬೈದು ಓದಿಸಿದೆ.

ಕಣ್ಣು ಪೂರ್ತಿ ಹೋಯಿತು. ಆ ಗುಂಡಿಯಷ್ಟು ಬೆಳಕೂ ಕಳೆದ ವಾರ ಮುಚ್ಚಿಕೊಂಡಿತು. ಮುಖ ನೋಡಬೇಕು ಅಂತ ಇಡೀ ವರ್ಷ ಒದ್ದಾಡಿದೆ. ಇನ್ನು ಬೇಡ. ನೋಡಿದ ಹಾಗೇ ಆಯಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಸುಮ್ಮನೆ ಹೇಳುತ್ತಾರೆಯೇ! ಹೊಟ್ಟೆ ತುಂಬ ನಕ್ಕೆ, ಇವನು ಎದ್ದು ಹೊರಗೆ ಹೋದ, ಮತ್ತೆ ಕರೆದು ಕೂರಿಸಿದ್ದೇನೆ.

ತುಟಿ ಎಳೆಯುವುದು ನನಗೂ ಹುಟ್ಟಿನಿಂದ ಬಂದದ್ದಲ್ಲ. ಅದೂ ನನ್ನ ಅತ್ತೆಯದೇ. ಅವರಿಂದ ನನಗೆ ಬಂತು, ನನ್ನಿಂದ ನಿನಗೆ ಬಂತು. ಅತ್ತೆ ಎಂದು ಸಹಿ ಮಾಡಬೇಡಿ, ಸಂಬಂಧವನ್ನು ಗೇಟಿನ ಹತ್ತಿರ ಇಟ್ಟು ಬಂದೆ ಅಂದೆಯಲ್ಲ. ಈಗ ಹೇಳು ನೋಡೋಣ.

ನನ್ನಿಂದ ಒಂದು ಪದ ಬರೆಸಿಕೊಳ್ಳಬೇಕು ಅಂತಿದ್ದೆಯಲ್ಲ. ಬರೆಸುತ್ತಿದ್ದೇನೆ, ಇಟ್ಟುಕೋ: ಹೊಡೆಯಬಾರದಿತ್ತು.

ಇನ್ನೊಂದು ಮರುಗದ ಸಸಿ ಕಳುಹಿಸಿದ್ದೇನೆ. ನಿನ್ನ ಹೆಸರಿಗಲ್ಲ, ಮೊಮ್ಮಗಳ ಹೆಸರಿಗೆ. ಈ ಸಲ ಹೇಗೆ ನೋಡಿಕೊಳ್ಳಬೇಕು ಎಂದು ಏನೂ ಬರೆಸಿಲ್ಲ. ಅವಳಿಗೆ ಗೊತ್ತಿದೆ.

ನಿನ್ನ ಅತ್ತೆ